ಎಲುಬು ಹೆಕ್ಕಿದವರ ಹೆಸರೂ ಪ್ರಬಂಧದಲ್ಲಿರಬೇಕು

ಪಳೆಯುಳಿಕೆ ಅಂದರೆ ವಿಶ್ವವಿದ್ಯಾಲಯದವರ ಕೆಲಸ, ಹವ್ಯಾಸಿಗಳು ಸುಮ್ಮನೆ ಕಲ್ಲು ಗುಡ್ಡೆ ಹಾಕುತ್ತಾರೆ ಅನ್ನುವವರನ್ನು ಕಂಡಾಗಲೆಲ್ಲ ನನಗೆ ಇಂಗ್ಲೆಂಡಿನ ಸಾಮರ್‌ಸೆಟ್ ಕಡಲತೀರದ ಒಂದು ದವಡೆಯ ಕಥೆ ಹೇಳಬೇಕು ಅನ್ನಿಸುತ್ತದೆ.

2016ರ ಮೇ ತಿಂಗಳಲ್ಲಿ ಪಾಲ್ ಡಿ ಲಾ ಸಾಲ್ ಎಂಬ ಹವ್ಯಾಸಿ ಸಂಗ್ರಾಹಕರಿಗೆ ಲಿಲ್‌ಸ್ಟಾಕ್‌ನಲ್ಲಿ ಒಂದು ತುಂಡು ಸಿಕ್ಕಿತು. ಮೊದಲ ನೋಟಕ್ಕೆ ಬರೀ ಕಲ್ಲು. ದಿಟ್ಟಿಸಿದರೆ ಉದ್ದಕ್ಕೊಂದು ತೋಡು, ಎಲುಬಿನ ರಚನೆ. ಇಕ್ತಿಯೋಸಾರ್ ದವಡೆ ಇರಬಹುದೇ ಎಂಬ ಅನುಮಾನ ಮೊದಲು ಬಂದದ್ದು ಅವರಿಗೇ. ಇಕ್ತಿಯೋಸಾರ್ ಅಂದರೆ ಡೈನೋಸಾರ್ ಕಾಲದ ಕಡಲ ಸರೀಸೃಪ. ಅವರು ಮತ್ತೆ ಹೋಗಿ ಉಳಿದ ಚೂರುಗಳನ್ನೂ ಹುಡುಕಿದರು. ಜೋಡಿಸಿದರೆ 96 ಸೆಂಟಿಮೀಟರ್. ತಜ್ಞರಾದ ಡೀನ್ ಲೊಮ್ಯಾಕ್ಸ್ ಮತ್ತು ಜೂಡಿ ಮಸಾರೆ ಅದನ್ನು ಕೆಳದವಡೆಯ ಹಿಂಭಾಗದ ಎಲುಬೆಂದು ಗುರುತಿಸಿದರು. ಕೆನಡಾದಲ್ಲಿ ಸಿಕ್ಕಿದ್ದ 21 ಮೀಟರಿನ ಪ್ರಾಣಿಯ ಅದೇ ಎಲುಬಿಗಿಂತಲೂ ಇದು ದೊಡ್ಡದು!

ನನ್ನನ್ನು ಹಿಡಿದು ನಿಲ್ಲಿಸುವುದು ಇದರ ಮುಂದಿನ ಭಾಗ. ಇಂಗ್ಲೆಂಡಿನದೇ ಸೆವರ್ನ್ ನದಿಯ ದಡದ ಆಸ್ಟ್‌ನಲ್ಲಿ ಸಿಕ್ಕ ಕಂಬದಂಥ ಎಲುಬುಗಳ ಬಗ್ಗೆ 1850ರಲ್ಲೇ ಬರೆದಿದ್ದರು. ಅವು ಡೈನೋಸಾರ್ ಕೈಕಾಲಿನ ಎಲುಬು ಎಂಬ ಅಭಿಪ್ರಾಯ ಬಹುಕಾಲ ಇತ್ತು. ಪಾಲ್ ಅವರ ತುಂಡಿನೊಂದಿಗೆ ಹೋಲಿಸಿ ನೋಡಿದ ಮೇಲೆ, ಲೊಮ್ಯಾಕ್ಸ್ ತಂಡದ 2018ರ ಸಂಶೋಧನಾ ಪ್ರಬಂಧ ಅವೂ ದೈತ್ಯ ಇಕ್ತಿಯೋಸಾರ್‌ಗಳ ದವಡೆಯ ಚೂರುಗಳೇ ಎಂದು ವಾದಿಸಿತು. ಒಂದೂವರೆ ಶತಮಾನ ಪಂಡಿತರ ಕಣ್ಣೆದುರೇ ಇದ್ದ ವಸ್ತುವಿಗೆ ಹೊಸ ಅರ್ಥ ಕೊಟ್ಟದ್ದು ಹವ್ಯಾಸಿಯೊಬ್ಬರು ತಂದ ತುಂಡು.

2020ರಲ್ಲಿ ಅದೇ ಕರಾವಳಿಯ ಬ್ಲೂ ಆ್ಯಂಕರ್‌ನಲ್ಲಿ ಹನ್ನೊಂದು ವರ್ಷದ ರೂಬಿ ರೆನಾಲ್ಡ್ಸ್ ಮತ್ತು ಅವಳ ಅಪ್ಪ ಜಸ್ಟಿನ್‌ಗೆ ಇನ್ನೊಂದು ದವಡೆಯ ಚೂರುಗಳು ಸಿಕ್ಕವು. ಅವರು ಲೊಮ್ಯಾಕ್ಸ್‌ಗೆ ತಿಳಿಸಿದರು, ಲೊಮ್ಯಾಕ್ಸ್ ಪಾಲ್ ಅವರನ್ನು ಕರೆದರು. ಎಲ್ಲರೂ ಕೆಸರಿನಲ್ಲಿ ಹುಡುಕಿ ಕೊನೆಯ ತುಂಡು ತೆಗೆದದ್ದು 2022ರಲ್ಲಿ. ಪೂರ್ತಿ ಇದ್ದಾಗ ಆ ಎಲುಬು ಎರಡು ಮೀಟರಿಗೂ ಉದ್ದವಿತ್ತಂತೆ. 2024ರಲ್ಲಿ ಹೊಸ ಪ್ರಭೇದಕ್ಕೆ ಇಕ್ತಿಯೋಟೈಟನ್ ಸೆವರ್ನೆನ್ಸಿಸ್ ಎಂದು ಹೆಸರಿಟ್ಟರು. ವಯಸ್ಸು 20.2 ಕೋಟಿ ವರ್ಷ, ಅಂದಾಜು ಉದ್ದ 25 ಮೀಟರ್. ಎಲುಬಿನ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಸಂಶೋಧಕ ಮಾರ್ಚೆಲ್ಲೊ ಪೆರಿಲ್ಲೊ, ಪ್ರಾಣಿ ಸತ್ತಾಗ ಇನ್ನೂ ಬೆಳೆಯುತ್ತಿತ್ತು ಎಂದರು.

ಆ ಹೆಸರಿಟ್ಟ 2024ರ ಪ್ರಬಂಧದ ಲೇಖಕರ ಸಾಲಿನಲ್ಲಿ ಪಾಲ್, ಜಸ್ಟಿನ್, ರೂಬಿ ಮೂವರೂ ಇದ್ದಾರೆ. ಕೊನೆಯಲ್ಲಿ ಕೃತಜ್ಞತೆ ಹೇಳಿ ಕೈತೊಳೆದುಕೊಳ್ಳಲಿಲ್ಲ. ಇದನ್ನು ನಾನು ಔದಾರ್ಯ ಅನ್ನುವುದಿಲ್ಲ, ನ್ಯಾಯ ಅನ್ನುತ್ತೇನೆ. ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಎಂಬುದು ಗೊತ್ತಿಲ್ಲದ ಎಲುಬಿನಿಂದ ವಿಜ್ಞಾನಕ್ಕೆ ದಕ್ಕುವುದು ಕಡಿಮೆ. ಆ ಮಾಹಿತಿಯನ್ನು ಜೋಪಾನ ಮಾಡಿದವರು ಇವರು. ಮನೆಯ ಶೋಕೇಸಿನಲ್ಲಿಟ್ಟಿದ್ದರೆ, ಹರಾಜಿಗೆ ಹಾಕಿದ್ದರೆ, ಈ ಪ್ರಾಣಿ ಇತ್ತೆಂದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಕರ್ನಾಟಕದ ಹೆಚ್ಚಿನ ಬಂಡೆಗಳು ಎಲುಬಿರುವ ಪ್ರಾಣಿಗಳು ಹುಟ್ಟುವ ಎಷ್ಟೋ ಮೊದಲಿನವು, ಹಾಗಾಗಿ ಇಲ್ಲಿ ಇಂಥದ್ದು ಸಿಗುವುದು ಅಪರೂಪ. ಆದರೆ ಗುಜರಾತಿನ ಕಛ್‌ನಲ್ಲಿ ಇಕ್ತಿಯೋಸಾರ್ ಅಸ್ಥಿಪಂಜರವೇ ಸಿಕ್ಕಿದೆ, 2017ರಲ್ಲಿ ವರದಿಯಾಯಿತು. ಅಂಥ ಕಡೆ ಹೋದಾಗ ವಿಚಿತ್ರ ತುಂಡೊಂದು ಕಂಡರೆ ಕೀಳಬೇಡಿ. ಪಕ್ಕದಲ್ಲೊಂದು ಪೆನ್ನಿಟ್ಟು ಫೋಟೊ ತೆಗೆಯಿರಿ, ಜಾಗದ ಗುರುತು ಬರೆದುಕೊಳ್ಳಿ, ಹತ್ತಿರದ ಭೂವಿಜ್ಞಾನ ವಿಭಾಗಕ್ಕೆ ಕಳಿಸಿ. ಅದು ಪ್ರಬಂಧವಾಗುವ ದಿನ ಬಂದರೆ, ಅದರಲ್ಲಿ ನಿಮ್ಮ ಹೆಸರನ್ನೂ ಸಂಕೋಚವಿಲ್ಲದೆ ಕೇಳಿ.