ಮುಗಿದ ಮಾದರಿಯ ಒಂದೇ ಚಿತ್ರ ಸಾಲದು

ನಮ್ಮ ಕಾರವಾರ, ಶಿರಸಿ ಕಡೆಯ ಹವ್ಯಾಸಿಗಳು ತಾವು ಕಟ್ಟಿದ ಹಡಗಿನ, ರಥದ, ಸೇತುವೆಯ ಮಾದರಿಯನ್ನು ಅದು ಪೂರ್ತಿ ಮುಗಿದ ಮೇಲಷ್ಟೇ ಜಾಲತಾಣದಲ್ಲಿ ಹಂಚಿಕೊಳ್ಳುತ್ತಾರೆ. ನಾನು ಈಗ ನೆಲೆಸಿರುವ ಜರ್ಮನಿಯ ಹ್ಯಾಂಬರ್ಗ್‌ನವರು ಮೊದಲ ಹಲಗೆಗೆ ಗರಗಸ ಇಟ್ಟ ದಿನದಿಂದಲೇ ತೋರಿಸಲು ತೊಡಗುತ್ತಾರೆ. ಎರಡೂ ಕಡೆಯ ರೂಢಿಯನ್ನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಹ್ಯಾಂಬರ್ಗ್‌ನವರ ರೀತಿಯನ್ನು ನಮ್ಮವರೂ ಹಿಡಿಯಬೇಕು ಎಂದು ಗಟ್ಟಿಯಾಗಿ ಹೇಳಬೇಕೆನ್ನಿಸಿದೆ.

ಹ್ಯಾಂಬರ್ಗ್ ಬಂದರಿನ ಊರು. ಅಲ್ಲಿನ ಹಳೆಯ ಗೋದಾಮುಗಳ ಸಾಲಿನಲ್ಲಿ 2001ರಿಂದ ಮಿನಿಯಟೂರ್ ವುಂಡರ್‌ಲಾಂಡ್ ಎಂಬ ದೊಡ್ಡ ಮಾದರಿ ಲೋಕವೊಂದು ನಡೆಯುತ್ತಿದೆ. 1:87 ಅಳತೆಯ, ಅಂದರೆ ಮೂಲದ ಎಂಬತ್ತೇಳರಲ್ಲಿ ಒಂದು ಪಾಲಿನಷ್ಟಿರುವ ರೈಲುಗಳು, ಬೆಟ್ಟಗಳು, ಊರುಗಳು. ಹೊಸ ವಿಭಾಗ ಕಟ್ಟುವಾಗಲೂ ಕೆಲಸ ಎಲ್ಲಿಗೆ ಬಂತು ಎಂಬುದನ್ನು ಅವರು ಜನರಿಗೆ ತೋರಿಸುತ್ತಲೇ ಇರುತ್ತಾರೆ. ಮನೆಯ ಮೂಲೆಯಲ್ಲಿ ಕುಳಿತು ಮಾದರಿ ಮಾಡುವ ಸಾಮಾನ್ಯರದ್ದೂ ಇದೇ ಪದ್ಧತಿ. ವಾರಾಂತ್ಯದಲ್ಲಿ ಎರಡು ಚಿತ್ರ, ಪಕ್ಕದಲ್ಲಿ ಒಂದು ಅಳತೆಪಟ್ಟಿ, ಯಾವ ಮರ, ಯಾವ ಅಂಟು, ಎಷ್ಟು ದಪ್ಪ, ಮುಂದೆ ಏನು ಮಾಡುವ ಯೋಚನೆ. ಬರವಣಿಗೆಯಲ್ಲಿ ಅಲಂಕಾರವಿಲ್ಲ. ಓದಿದವನು ತನ್ನ ಮನೆಯಲ್ಲಿ ಅದನ್ನೇ ಮಾಡಬಹುದು, ಅಷ್ಟೇ.

ಇನ್ನು ಕಾರವಾರದ ಉದಾಹರಣೆ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಚಪಲ್ ಯುದ್ಧನೌಕೆಯನ್ನು ನೋಡದ ಕಾರವಾರಿಗರಿಲ್ಲ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾದ ಕ್ಷಿಪಣಿ ದೋಣಿ ಅದು, ಈಗ ವಸ್ತುಸಂಗ್ರಹಾಲಯ. ನನ್ನ ಗೆಳೆಯನೊಬ್ಬ ಅದರ ಮಾದರಿಯನ್ನು 1:72 ಅಳತೆಯಲ್ಲಿ ಮಾಡಿದ. ಮೂಲ ನೌಕೆ 38 ಮೀಟರ್‌ಗೂ ಹೆಚ್ಚು ಉದ್ದ; ಮಾದರಿ 54 ಸೆಂಟಿಮೀಟರ್ ಆಸುಪಾಸು. ಅವನು ಟೇಪು ಹಿಡಿದು ತೀರಕ್ಕೆ ಹೋಗಿ ಅಳೆದು ತಂದದ್ದು, ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಾಳೆಯನ್ನು ಪದರ ಪದರವಾಗಿ ಕತ್ತರಿಸಿದ್ದು, ನಾಲ್ಕು ಕ್ಷಿಪಣಿ ಕೊಳವೆಗಳಿಗೆ ನೀರಿನ ಪೈಪು ಹುಡುಕಿದ್ದು ನನಗೆ ಗೊತ್ತಿರುವುದು ಫೋನಿನಲ್ಲಿ ಮಾತಾಡಿದ್ದರಿಂದ. ಊರಿನವರಿಗೆ ಸಿಕ್ಕಿದ್ದು ಒಂದೇ ಚಿತ್ರ. ಗಾಜಿನ ಪೆಟ್ಟಿಗೆಯೊಳಗೆ ಮುಗಿದ ನೌಕೆ, ಪಕ್ಕದಲ್ಲಿ ಅವನು.

ಆ ಚಿತ್ರವನ್ನು ಇಲ್ಲಿನ ಮಾದರಿಕಾರರಿಗೆ ತೋರಿಸಿದಾಗ ಅವರು ತೋರಿದ ಕುತೂಹಲ ನನ್ನನ್ನು ಬೆರಗುಗೊಳಿಸಿತು. ಕಾರಣ ಆಮೇಲೆ ತಿಳಿಯಿತು. ಚಪಲ್ ಸೋವಿಯತ್ ವಿನ್ಯಾಸದ ಓಸಾ ವರ್ಗದ ದೋಣಿ. ಹಿಂದಿನ ಪೂರ್ವ ಜರ್ಮನಿಯ ನೌಕಾಪಡೆಯಲ್ಲೂ ಇದೇ ವರ್ಗದ ಮೊದಲ ಬಗೆಯ ದೋಣಿಗಳಿದ್ದವು. ಮೊದಲ ಬಗೆಯಲ್ಲಿ ಕ್ಷಿಪಣಿಯ ಗೂಡು ಪೆಟ್ಟಿಗೆಯಾಕಾರ. 1971ರ ಡಿಸೆಂಬರಿನಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ನಮ್ಮ ದೋಣಿಗಳು ಆ ಬಗೆಯವು. ಚಪಲ್ ಎರಡನೆಯ ಬಗೆ, ಅದರದ್ದು ದುಂಡನೆಯ ಕೊಳವೆ. ಅಂಥ ಕೊಳವೆಯ ಸುತ್ತ ಇರುವ ಬಳೆಗಳ ನಡುವೆ ಎಷ್ಟು ಅಂತರ? ಬಾಗಿಲಿನ ಕೀಲು ಯಾವ ಕಡೆ? ಕಾರವಾರದ ತೀರದಲ್ಲಿ ಸಂಜೆ ಭೇಲ್‌ಪುರಿ ತಿನ್ನುತ್ತ ಕೈಚಾಚಿ ಅಳೆಯಬಹುದಾದ ಸಂಗತಿಗಳಿಗಾಗಿ ಇಲ್ಲಿ ಜನ ಹಳೆಯ ಮಸುಕು ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಮಧ್ಯದ ಹಂತಗಳ ಚಿತ್ರಗಳಿವೆಯೇ ಎಂದು ಅವರು ಕೇಳಿದರು. ಗೆಳೆಯ ಒಂದನ್ನೂ ತೆಗೆದಿರಲಿಲ್ಲ. ಅಳತೆ ಬರೆದ ಹಾಳೆಯೂ ಉಳಿದಿರಲಿಲ್ಲ.

ಯಾಕೆ ತೆಗೆಯಲಿಲ್ಲ ಎಂದರೆ ಅವನ ಉತ್ತರ ನಮ್ಮ ಕಡೆಯ ಯಾರದ್ದಾದರೂ ಆಗಬಹುದಿತ್ತು. ಅರ್ಧ ಕೆಲಸ ತೋರಿಸಿದರೆ ದೃಷ್ಟಿ ತಾಗುತ್ತದೆ. ಮುಗಿಸದೇ ಬಿಟ್ಟರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ದಿನವೂ ಹಾಕಿದರೆ ಡಂಗುರ ಸಾರಿದಂತೆ ಕಾಣುತ್ತದೆ. ಈ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಎಲೆಮರೆಯ ಕಾಯಿಯಂತೆ ಇರುವುದನ್ನು ಗೌರವಿಸುವ ಮನೆಗಳಲ್ಲೇ ನಾವೆಲ್ಲ ಬೆಳೆದವರು. ಆದರೆ ಇದರ ಬೆಲೆಯನ್ನೂ ಲೆಕ್ಕ ಹಾಕಬೇಕು. ಹೊನ್ನಾವರದ ಶರಾವತಿ ರೈಲು ಸೇತುವೆ ಎರಡು ಕಿಲೋಮೀಟರ್‌ಗೂ ಉದ್ದ. ಅದನ್ನು 1:87 ಅಳತೆಯಲ್ಲಿ ಕಟ್ಟಲು ಹೊರಟರೆ ಸುಮಾರು 24 ಮೀಟರ್ ಜಾಗ ಬೇಕು. ಯಾವ ಮನೆಯ ಜಗುಲಿಯೂ ಸಾಲದು. ಹತ್ತು ಕಂಬ ಕಟ್ಟಿ ನಿಲ್ಲಿಸಿದವನ ಕೆಲಸ ಎಂದೂ ಮುಗಿಯುವುದಿಲ್ಲ. ಮುಗಿದ ಮೇಲಷ್ಟೇ ತೋರಿಸಬೇಕೆಂಬ ನಿಯಮ ಹಿಡಿದರೆ ಆ ಹತ್ತು ಕಂಬಗಳನ್ನು ಯಾರೂ ನೋಡುವುದೇ ಇಲ್ಲ.

ಅರೆಬರೆ ಕೆಲಸವನ್ನು ಬಚ್ಚಿಡುವುದು ನಮ್ಮ ನೆಲದ ಗುಣ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ರಥಕ್ಕೆ ಮರ ತರುವುದೂ ಅಲ್ಲಿ ವಿಧಿವಿಧಾನದ ಭಾಗ. ರಥ ಏಳುವುದು ಊರವರ ಕಣ್ಣೆದುರಿಗೇ. ಕರಾವಳಿಯಲ್ಲಿ ದೋಣಿ ಕಟ್ಟುತ್ತಿದ್ದುದೂ ತೆಂಗಿನ ಮರದ ನೆರಳಿನಲ್ಲಿ, ದಾರಿಯ ಪಕ್ಕದಲ್ಲಿ. ಅಡಿಮರ ಇಟ್ಟ ದಿನದಿಂದ ಹೋಗುವವರು ಬರುವವರೆಲ್ಲ ನಿಂತು ನೋಡುತ್ತಿದ್ದರು. ಈ ಹಲಗೆ ಹಸಿ ಇದೆಯಲ್ಲ, ಮೂತಿ ಇನ್ನಷ್ಟು ಏಳಬೇಕಲ್ಲ ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ಬಡಗಿ ಉತ್ತರ ಕೊಡುತ್ತಿದ್ದ, ಇಲ್ಲವೇ ತಲೆಯಾಡಿಸಿ ಕೆಲಸ ಮುಂದುವರಿಸುತ್ತಿದ್ದ. ಹುಡುಗರು ಕಲಿತದ್ದು ಹಾಗೆ ನಿಂತು ನೋಡಿಯೇ. ಹ್ಯಾಂಬರ್ಗ್‌ನವರು ವಾರ ವಾರ ಮಾಡುತ್ತಿರುವುದು ನಮ್ಮ ಆ ದೋಣಿ ಚಪ್ಪರದ ಕೆಲಸವನ್ನೇ. ನಾವು ಮಾತ್ರ ಮೊಬೈಲ್ ಕೈಗೆ ಬಂದ ಮೇಲೆ ಚಪ್ಪರದ ಬಾಗಿಲು ಹಾಕಿಕೊಂಡೆವು.

ಅದರಿಂದ ಆಗುವ ನಷ್ಟ ಎಂಥದ್ದು ಎಂಬುದಕ್ಕೆ ಕಾರವಾರದಲ್ಲೇ ಸಾಕ್ಷಿ ಇದೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಕೌಂಡಿನ್ಯ ಎಂಬ ಹೊಲಿದ ಹಡಗು ನೌಕಾಪಡೆಗೆ ಸೇರಿತು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಗೋವಾದಲ್ಲಿ ಕಟ್ಟಿದ ಹಾಯಿ ಹಡಗು. ಆಧಾರ ಅಜಂತಾದ ಐದನೆಯ ಶತಮಾನದ ಒಂದು ಚಿತ್ರ. ಹಿಂದಿನವರು ಬಿಟ್ಟುಹೋದ ನಕ್ಷೆಯಿಲ್ಲ, ಅಳತೆಯಿಲ್ಲ. ಗೋಡೆಯ ಮೇಲಿನ ಮುಗಿದ ಹಡಗಿನ ಚಿತ್ರವೊಂದನ್ನೇ ನೋಡಿ ಒಳಗಿನದನ್ನೆಲ್ಲ ಊಹಿಸಬೇಕಾಯಿತು. ಅದು ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಲು ಮದ್ರಾಸ್ ಐಐಟಿಯ ನೆರವಿನಿಂದ ಮಾದರಿ ಪರೀಕ್ಷೆಗಳೂ ನಡೆದವು. ಸಾವಿರಾರು ವರ್ಷ ಈ ತೀರದಲ್ಲಿ ಹೊಲಿದ ಹಡಗು ಓಡಿಸಿದ ಜನ ನಾವು. ಹೊಲಿಯುವುದು ಹೇಗೆ ಎಂಬುದು ಇನ್ನೂ ಕೆಲವೇ ಕುಶಲಕರ್ಮಿಗಳ ಕೈಯಲ್ಲಿ ಉಳಿದಿದ್ದರಿಂದ ಆ ಹಡಗು ಎದ್ದು ನಿಂತಿತು.

ಇದೇ ಪ್ರೇರಣೆಯಿಂದ ನಾನು ರಂಪಣಿ ದೋಣಿಯ ಮಾದರಿಯೊಂದನ್ನು 1:20 ಅಳತೆಯಲ್ಲಿ ಕಟ್ಟುತ್ತಿದ್ದೇನೆ. ರಂಪಣಿ ಎಂದರೆ ಈಗಿನ ಮಕ್ಕಳಿಗೆ ವಿವರಿಸಬೇಕಾಗುತ್ತದೆ. ದೋಣಿಯಲ್ಲಿ ಹೋಗಿ ಬಂಗಡೆ ಹಿಂಡಿನ ಸುತ್ತ ಉದ್ದನೆಯ ಬಲೆ ಬಿಟ್ಟು, ಎರಡು ತುದಿಗಳನ್ನು ದಡದಿಂದ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ಕಾಲ. 1970ರ ದಶಕದಲ್ಲಿ, ಬಲೆಯನ್ನು ಚೀಲದಂತೆ ಬಿಗಿದು ಕಡಲಲ್ಲೇ ಮೀನು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಕುಗ್ಗುತ್ತ ಹೋಯಿತು. ದೋಣಿಯ ಹಲಗೆ ಹೊಲಿದ ನಾರಿನ ಹುರಿ ಆರು ಮಿಲಿಮೀಟರ್ ಎಂದಿಟ್ಟುಕೊಂಡರೆ ನನ್ನ ಮಾದರಿಗೆ 0.3 ಮಿಲಿಮೀಟರ್ ದಾರ ಬೇಕು. ಲಿನನ್ ದಾರಕ್ಕೆ ಚಹಾದ ಕಷಾಯದಲ್ಲಿ ಬಣ್ಣ ಹಾಕಿಕೊಂಡೆ. ಇದೆಲ್ಲವನ್ನೂ ಚಿತ್ರದ ಜೊತೆ ಕನ್ನಡದಲ್ಲಿ ಬರೆದು ಹಾಕುತ್ತಿದ್ದೆ. ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದ ಇಲ್ಲಿನ ಹಿರಿಯರೊಬ್ಬರು ಚಿತ್ರ ನೋಡಿ ಕೇಳಿದರು: ಹುರಿ ಹೊರಮೈಗೆ ಬಂದರೆ ಮರಳಿನ ಮೇಲೆ ಎಳೆಯುವಾಗ ತಿಕ್ಕಿ ಸವೆದುಹೋಗುವುದಿಲ್ಲವೇ? ನಾನು ಆ ಪ್ರಶ್ನೆಯನ್ನು ಹಾಗೆಯೇ ಮುಂದಿನ ಬರಹಕ್ಕೆ ಸೇರಿಸಿದೆ.

ಉತ್ತರ ಬಂದದ್ದು ಅಂಕೋಲೆಯ ಕಡೆಯಿಂದ, ಮೊಮ್ಮಗನ ಮೊಬೈಲಿನಲ್ಲಿ, ಧ್ವನಿ ಸಂದೇಶವಾಗಿ. ಹಳೆಯ ದೋಣಿ ಬಡಗಿಯೊಬ್ಬರು ಕೊಂಕಣಿ ಬೆರೆತ ಕನ್ನಡದಲ್ಲಿ, ಹಿನ್ನೆಲೆಯಲ್ಲಿ ಕೋಳಿ ಕೂಗುತ್ತಿರುವಾಗ, ನಿಧಾನವಾಗಿ ವಿವರಿಸಿದರು. ಹಲಗೆಯ ಹೊರಮೈಯಲ್ಲಿ ಎರಡು ತೂತುಗಳ ನಡುವೆ ಸಣ್ಣ ತೋಡು ಕೊರೆದು ಹುರಿಯನ್ನು ಅದರೊಳಗೆ ಕೂರಿಸುವುದು. ಒಳಮೈಯಲ್ಲಿ ಸಂದಿನ ಮೇಲೆ ನಾರಿನ ಹೊರೆ ಇಟ್ಟು ಅದರ ಮೇಲಿಂದ ಬಿಗಿಯುವುದು. ಆಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು. ಅಷ್ಟೇ ಅಲ್ಲ, ಹುರಿ ಎಳೆಯುವವನು ಒಳಗೆ, ಕೋಲು ಹಾಕಿ ತಿರುಚುವವನು ಹೊರಗೆ, ಇಬ್ಬರ ಉಸಿರು ಒಂದೇ ಲಯದಲ್ಲಿ ಇರಬೇಕು ಎಂದರು. ಇದನ್ನು ನಾನು ಮಾತಿಗೆ ಮಾತು ಬರೆದು, ಜರ್ಮನ್ ಭಾಷೆಗೂ ತಂದು ಹಾಕಿದೆ. ಮುಗಿದ ದೋಣಿಯ ಚಿತ್ರ ಹಾಕಿದ್ದರೆ ಅವರು ಏನು ಹೇಳುತ್ತಿದ್ದರು? ಚೆನ್ನಾಗಿದೆ ಎನ್ನುತ್ತಿದ್ದರು. ಮುಗಿದ ಕೆಲಸಕ್ಕೆ ಹೇಳಲು ಉಳಿಯುವುದೇ ಅದು. ಅರ್ಧದಲ್ಲಿರುವ ಕೆಲಸಕ್ಕೆ ಮಾತ್ರ ಸಲಹೆ ಅಂಟಿಕೊಳ್ಳಲು ಜಾಗವಿರುತ್ತದೆ.

ಹ್ಯಾಂಬರ್ಗ್‌ನಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಅಲ್ಲಿ ಅಳತೆ ಹೆಚ್ಚು, ಅಕ್ಕರೆ ಕಡಿಮೆ. ಹೊಸಬನೊಬ್ಬ ಮೊದಲ ಸಲ ಚಿತ್ರ ಹಾಕಿದಾಗ ಕೊರತೆಗಳ ಪಟ್ಟಿಯನ್ನೇ ಮುಂದಿಡುವವರಿದ್ದಾರೆ. ಅಂಥ ಉತ್ತರ ಓದಿ ಹವ್ಯಾಸವನ್ನೇ ಬಿಟ್ಟ ಹುಡುಗನನ್ನು ನಾನು ಬಲ್ಲೆ. ನಮ್ಮವರ ಕೈಮುಗಿದ ಚಿಹ್ನೆ, ಹೂವಿನ ಚಿತ್ರ, ಹೊಗಳಿಕೆ ಇವೆಲ್ಲ ಮನಸ್ಸಿಗೆ ಬಲ ಕೊಡುತ್ತವೆ. ಆ ಬೆಚ್ಚಗಿನ ಮಾತಿನ ಜೊತೆಗೆ ಒಂದು ಪ್ರಶ್ನೆಯೂ ಇರಲಿ ಎನ್ನುವುದಷ್ಟೇ ನನ್ನ ಕೋರಿಕೆ.

ಇನ್ನೊಂದು ಕಾರಣಕ್ಕೂ ನಮ್ಮವರು ಬರೆಯಬೇಕು. ನಮ್ಮ ಹವೆಗೆ ಹೊಂದುವ ವಿದ್ಯೆ ಜರ್ಮನರ ಬರಹದಲ್ಲಿ ಸಿಗುವುದಿಲ್ಲ. ಆಷಾಢದ ಮಳೆಯಲ್ಲಿ ಲ್ಯಾಕರ್ ಸಿಂಪಡಿಸಿದರೆ ಗಾಳಿಯ ತೇವ ಹಿಡಿದು ಬಣ್ಣದ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಶಿರಸಿಯ ಪರಿಚಿತರೊಬ್ಬರು ರಥದ ಮಾದರಿಗೆ ಬಣ್ಣ ಹಾಕುವ ಮುನ್ನ ಮರದ ಬಿಡಿಭಾಗಗಳನ್ನು ಅಡಿಕೆ ಡ್ರೈಯರ್‌ನಲ್ಲಿ ಹದವಾದ ಬಿಸಿಗೆ ಇಟ್ಟು ತೇವ ತೆಗೆಯುತ್ತಾರೆ, ಬಣ್ಣವನ್ನು ಮಳೆ ಹೊಳವಾದ ಮಧ್ಯಾಹ್ನವೇ ಹಾಕುತ್ತಾರೆ. ಕುಮಟೆಯಲ್ಲೋ ಭಟ್ಕಳದಲ್ಲೋ ಜುಲೈ ತಿಂಗಳಿನಲ್ಲಿ ಕೈಕಟ್ಟಿ ಕೂರುವ ಹತ್ತಾರು ಹುಡುಗರಿಗೆ ಈ ಒಂದು ಸಂಗತಿ ಸಾಕು. ಅದನ್ನು ಆ ಪರಿಚಿತರು ಎಲ್ಲಿಯೂ ಬರೆದಿಲ್ಲ. ನಾನು ಮನೆಗೆ ಹೋಗಿದ್ದಾಗ ಕಂಡದ್ದು. ವಾಟ್ಸ್‌ಆಪ್ ಗುಂಪಿಗೆ ಹಾಕಿದರೂ ಸಾಲದು. ನಾಳೆಯ ಶುಭೋದಯದ ಚಿತ್ರಗಳ ಕೆಳಗೆ ಅದು ಹೂತುಹೋಗುತ್ತದೆ. ಹುಡುಕಿದರೆ ಸಿಗುವ ಜಾಗದಲ್ಲಿ, ದಿನಾಂಕ ಹಾಕಿ, ಕನ್ನಡದಲ್ಲಿ ಬರೆದಿಡಬೇಕು.

ಕಾರವಾರದ ಗೆಳೆಯ ಈಗ ಚಪಲ್‌ನ ಎರಡನೇ ಮಾದರಿಗೆ ಕೈಹಾಕಿದ್ದಾನೆ, ಈ ಸಲ 1:35 ಅಳತೆಯಲ್ಲಿ. ಅಡ್ಡ ಹಲಗೆಗಳಷ್ಟೇ ನಿಂತಿರುವ ಮೊದಲ ಚಿತ್ರ ಹಾಕಿದ, ಪಕ್ಕದಲ್ಲಿ ಸ್ಟೀಲಿನ ಅಳತೆಪಟ್ಟಿ ಇಟ್ಟು. ಹಿಂದಿನ ಪೂರ್ವ ಜರ್ಮನಿಯ ರಾಸ್ಟಾಕ್ ಕಡೆಯ ಹವ್ಯಾಸಿಯೊಬ್ಬರು ಆಗಲೇ ಕೊಳವೆಯ ಬಳೆಗಳ ಅಂತರ ಕೇಳಿದ್ದಾರೆ. ಭಾನುವಾರ ಬೆಳಿಗ್ಗೆ ಟೇಪು ಹಿಡಿದು ತೀರಕ್ಕೆ ಹೋಗಿ ಅಳೆದು, ಅಲ್ಲಿಂದಲೇ ಚಿತ್ರ ಹಾಕುತ್ತೇನೆ ಎಂದು ಅವರಿಗೆ ಉತ್ತರ ಬರೆದಿದ್ದಾನೆ.