ಊದಿದರೆ ಕೊಂಡ ಹಾಗೆ

ಬಳೇಪೇಟೆಯ ಒಂದು ವಾದ್ಯದ ಅಂಗಡಿಯಲ್ಲಿ ಕ್ಲಾರಿನೆಟ್ಟನ್ನು ಬಾಯಿಗಿಟ್ಟು ಊದುವ ತುದಿ, ಅಂದರೆ ಮೌತ್‌ಪೀಸ್ ಕೇಳಿದೆ. ಅಂಗಡಿಯವ ಗಾಜಿನ ಕಪಾಟಿನಿಂದ ಎರಡು ತೆಗೆದು ಮುಂದಿಟ್ಟ. ಒಂದನ್ನು ಬಾಯಿಯ ಹತ್ತಿರ ತಂದೆನೋ ಇಲ್ಲವೋ, "ಸಾರ್, ಊದಿದ್ರೆ ಕೊಂಡ ಹಾಗೆ" ಅಂದ.

"ಊದದೆ ಹೇಗ್ರೀ ಗೊತ್ತಾಗೋದು?"

"ಊದಿದ್ಮೇಲೆ ಎಂಜಲು ಅಲ್ವಾ ಸಾರ್?"

ಅದೂ ನಿಜವೇ. ಚಪ್ಪಲಿ ಹಾಕಿ ನೋಡಬಹುದು, ಮಾವಿನಹಣ್ಣು ಮೂಸಿ ನೋಡಬಹುದು, ಆದರೆ ಮೌತ್‌ಪೀಸನ್ನು ಮಾತ್ರ ಸ್ನಾನ ಆಗದವನು ದೇವರಮನೆ ನೋಡುವ ಹಾಗೆ ಹೊಸ್ತಿಲಾಚೆಯಿಂದಲೇ ನೋಡಬೇಕು. ನೋಡಿದೆ. ಎರಡೂ ಕಪ್ಪಗಿದ್ದವು. ವಾಪಸ್ ಬಂದೆ.

ರಾಯಚೂರಿನ ನರಸಿಂಹಲು ವಡವಾಟಿಯವರು ಕ್ಲಾರಿನೆಟ್‌ನಲ್ಲಿ ಹಿಂದೂಸ್ತಾನಿ ರಾಗ ನುಡಿಸುವುದನ್ನು ಕೇಳಿದಾಗಿನಿಂದ ನನಗೂ ಊದುವ ಹುಚ್ಚು. ಅಷ್ಟೊಂದು ಕೀಲಿಗಳಿರುವ ವಾದ್ಯದಲ್ಲಿ ಸ್ವರ ಹೀಗೆ ಜಾರುತ್ತದಾ ಅಂತ ಆಶ್ಚರ್ಯವಾಗಿತ್ತು. ನನ್ನ ಕೈಯಲ್ಲೂ ಜಾರುತ್ತದೆ, ಆದರೆ ನಾನು ಹೇಳಿದ ಕಡೆಗಲ್ಲ. ಮೊದಲ ದಿನ ರೀಡು, ಅಂದರೆ ಊದಿದಾಗ ಕಂಪಿಸುವ ತೆಳು ಕಡ್ಡಿ, ಮೇಲ್ತುಟಿಗೆ ಬರುವ ಹಾಗೆ ತಲೆಕೆಳಗಾಗಿ ಹಿಡಿದಿದ್ದೆ. ಮೇಷ್ಟ್ರು ನಕ್ಕರು. ಯೂರೋಪಿನಲ್ಲೂ ಹಿಂದೆ ತುಂಬಾ ಜನ ಹಾಗೇ ನುಡಿಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಹೇಳಿದರೆ ಇನ್ನೂ ನಗುತ್ತಾರೆ ಅಂತ ಸುಮ್ನಾದೆ.

ಮೂರು ತಿಂಗಳಾದರೂ ನನ್ನ ವಾದ್ಯ ಕೀಚ್ ಅನ್ನುವುದು ನಿಲ್ಲಲಿಲ್ಲ. ತಪ್ಪು ನನ್ನದಿರಲಿಕ್ಕಿಲ್ಲ ಅನ್ನಿಸಿತು. ವಾದ್ಯದ ಜೊತೆ ಬಂದ ಯಮಾಹಾ 4ಸಿ ಮೌತ್‌ಪೀಸಿನದೇ ಇರಬೇಕು. ಮೇಷ್ಟ್ರು ಮದುವೆ ಬ್ಯಾಂಡಿನಲ್ಲಿ ಜೀವಮಾನ ಸವೆಸಿದವರು, ಇಂಥ ಶಿಷ್ಯರನ್ನು ಬಹಳ ಕಂಡವರು. ಮಾತಾಡದೆ ತಮ್ಮ ಎರಡು ವ್ಯಾಂಡೊರೆನ್ ಕಂಪನಿಯ ಮೌತ್‌ಪೀಸ್ ಕೊಟ್ಟರು. ಒಂದು 5ಆರ್‌ವಿ, ಇನ್ನೊಂದು ಬಿ45. "ಒಂದೇ ರೀಡಲ್ಲಿ ಎರಡನ್ನೂ ನೋಡಿ. ರೀಡೂ ಮೌತ್‌ಪೀಸೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರ ತಪ್ಪು ಅಂತ ದೇವರಿಗೂ ಗೊತ್ತಾಗಲ್ಲ" ಅಂದರು.

ಮೌತ್‌ಪೀಸಿನ ತುದಿಗೂ ರೀಡಿಗೂ ನಡುವೆ ಒಂದು ಸಂದು ಇರುತ್ತದೆ. 5ಆರ್‌ವಿಯಲ್ಲಿ ಅದು 1.065 ಮಿಲಿಮೀಟರ್, ಬಿ45ರಲ್ಲಿ 1.195. ಒಂದು ಹಾಳೆಯ ದಪ್ಪಕ್ಕಿಂತ ಚೂರು ಜಾಸ್ತಿ, ಅಷ್ಟೇ ವ್ಯತ್ಯಾಸ. ಆದರೆ ಆ ಒಂದು ಹಾಳೆ ಜಾಗದಲ್ಲಿ ಉಸಿರೆಲ್ಲ ಖರ್ಚಾಗುತ್ತದೆ. ಬಿ45ರಲ್ಲಿ ಹತ್ತು ನಿಮಿಷ ಊದುವಷ್ಟರಲ್ಲಿ ತುಟಿಯ ಮೂಲೆಯಿಂದ ಗಾಳಿ ಸೋರಿ, ಕೆನ್ನೆ ನಡುಗಿ, ಕನ್ನಡಕಕ್ಕೆ ಮಂಜು ಹಿಡಿಯಿತು. ಮೌತ್‌ಪೀಸು, ಅದರ ಕೆಳಗಿನ ಗಿಡ್ಡ ಕೊಳವೆ ಬ್ಯಾರಲ್ಲು ಎರಡನ್ನೇ ಇಟ್ಟುಕೊಂಡು ಊದಿದರೆ ಮೊಬೈಲಿನ ಟ್ಯೂನರ್ ಎಫ್ ಶಾರ್ಪ್ ಸ್ವರ ತೋರಿಸಬೇಕು. ನನಗೆ ಅದು ಸರಿಯಾಗಿ ಒಂದು ಸಲ ತೋರಿಸಿತು, ಅದೂ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗ.

ಮಗಳನ್ನು ಕೂರಿಸಿ ಕಣ್ಣು ಮುಚ್ಚಿಸಿ ಎರಡನ್ನೂ ಕೇಳಿಸಿದೆ. "ಒಂದು ಹಳೇ ಬಸ್ಸು ಬ್ರೇಕ್ ಹಾಕಿದ ಹಾಗಿದೆ" ಅಂದಳು. ಇನ್ನೊಂದು? "ಅದೇ ಬಸ್ಸು, ಘಾಟಿಯಲ್ಲಿ."

ಎರಡನ್ನೂ ಬೇಸಿನ್ ಪಕ್ಕ ಇಟ್ಟು ಆಫೀಸಿಗೆ ಹೋದೆ. ತಪ್ಪಾಗಿದ್ದು ಅಲ್ಲೇ. ಅಮ್ಮನಿಗೆ ಮೊದಲಿನಿಂದಲೂ ಒಂದೇ ತಕರಾರು, "ಇನ್ನೊಬ್ಬರ ಬಾಯಲ್ಲಿಟ್ಟಿದ್ದು ನೀನು ಬಾಯಿಗಿಡ್ತೀಯಲ್ಲೋ." ಸಂಜೆ ಬಂದಾಗ ಒಲೆ ಮೇಲೆ ಪುಟ್ಟ ಪಾತ್ರೆ. ಒಳಗೆ ಬಿ45. ಚಿಟಿಕೆ ಅರಿಶಿನ ಕೂಡ ಹಾಕಿದ್ದಳು.

ಮೌತ್‌ಪೀಸು ಎಬೊನೈಟಿನದು, ಅಂದರೆ ರಬ್ಬರಿಗೆ ಗಂಧಕ ಸೇರಿಸಿ ಗಟ್ಟಿ ಮಾಡಿದ್ದು. ಬಿಸಿನೀರು ಅದಕ್ಕೆ ಆಗಿಬರಲ್ಲ. ಕಪ್ಪಗಿದ್ದ ಮೌತ್‌ಪೀಸು ಹಳೇ ಉಪ್ಪಿನಕಾಯಿಯ ಹಸಿರು ಬಣ್ಣಕ್ಕೆ ತಿರುಗಿತ್ತು. ಮನೆಯೆಲ್ಲ ದೀಪಾವಳಿಯ ಮಾರನೇ ದಿನದ ವಾಸನೆ. 5ಆರ್‌ವಿ ಸರದಿಗಾಗಿ ಪಕ್ಕದ ತಟ್ಟೆಯಲ್ಲಿ ಕಾಯುತ್ತಿತ್ತು, ಅದನ್ನು ಎತ್ತಿಕೊಂಡು ಜೇಬಿಗೆ ಹಾಕಿಕೊಂಡೆ.

ಮೇಷ್ಟ್ರು ಬೈಯಲಿಲ್ಲ. ಅದನ್ನು ಒಂದು ಸಲ ಮೂಸಿ, ರೀಡು ಕೂರುವ ಚಪ್ಪಟೆ ಭಾಗವನ್ನು ಗಾಜಿನ ಚೂರಿನ ಮೇಲಿಟ್ಟು ಬೆರಳಲ್ಲಿ ಒತ್ತಿದರು. ಕಾಲು ಸರಿಯಿಲ್ಲದ ಕುರ್ಚಿಯ ಹಾಗೆ ಅಲ್ಲಾಡಿತು. "ಅಂಗಡೀಲಿ ಊದಿದ್ರೆ ಕೊಂಡ ಹಾಗೆ ಅಂದ್ರಲ್ಲ, ಕುದಿಸಿದ್ರೂ ಹಾಗೇ" ಅಂದರು. ಅದರ ಬೆಲೆ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳಲ್ಲ. 5ಆರ್‌ವಿಯನ್ನು ಅವರೇ ವಾಪಸ್ ತೊಗೊಂಡರು. ಯಾಕೆ ಅಂತ ನಾನು ಕೇಳಲಿಲ್ಲ.

ಅಷ್ಟರಲ್ಲಿ ಜರ್ಮನಿಯಲ್ಲಿರುವ ತಂಗಿಯ ಮಗ ರಜಕ್ಕೆ ಬಂದ. "ಮಾವ, ಅಲ್ಲಿ ಚೆನ್ನಾಗಿರೋದು ಸಿಗತ್ತೆ" ಅಂತ ಒಂದು ಮೌತ್‌ಪೀಸ್ ತಂದಿದ್ದ. ಚೆನ್ನಾಗಿಯೇ ಇತ್ತು. ಆದರೆ ಅದು ಜರ್ಮನ್ ಪದ್ಧತಿಯದು, ಅವರ ರೀಡು ನಮ್ಮದಕ್ಕಿಂತ ಕಿರಿದು. ನನ್ನ ರೀಡನ್ನಿಟ್ಟರೆ ಸಣ್ಣ ತಟ್ಟೆ ಮೇಲೆ ಊಟದ ಎಲೆ ಹಾಸಿದ ಹಾಗೆ ಎರಡೂ ಕಡೆ ಹೊರಗೆ ಚಾಚುತ್ತಿತ್ತು. ಪುಣ್ಯಕ್ಕೆ ಅವನು ಅಲ್ಲಿನ ರೀಡನ್ನೂ ತಂದಿದ್ದ, ಅದನ್ನು ಬಿಗಿಯುವ ಪಟ್ಟಿ, ಲಿಗೇಚರ್ ಮಾತ್ರ ಇರಲಿಲ್ಲ. ಮೌತ್‌ಪೀಸಿನ ಮೈಮೇಲೆಲ್ಲ ಸುತ್ತಲೂ ಸಣ್ಣ ಗೀರುಗಳು. ಅಲ್ಲಿ ಇವತ್ತಿಗೂ ಎಷ್ಟೋ ಜನ ರೀಡನ್ನು ದಾರ ಸುತ್ತಿಯೇ ಕಟ್ಟುತ್ತಾರಂತೆ. ನಾನು ಸುತ್ತಿದ ದಾರ ಮೂರು ಸಲ ಬಿಚ್ಚಿಕೊಂಡಿತು. ನಾಲ್ಕನೇ ಸಲ ರೀಡಿನ ತುದಿಯೇ ಸೀಳಿತು.

ಅಮ್ಮ ಜಗುಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಇದನ್ನೆಲ್ಲ ನೋಡುತ್ತಿದ್ದಳು. "ಕೊಡಿಲ್ಲಿ" ಅಂದಳು. ನೀರಲ್ಲಿ ನೆನೆಸಿಟ್ಟ ಬಾಳೆನಾರಿನ ಒಂದು ಎಳೆ ತೆಗೆದಳು. "ನಿನ್ನ ಕಡ್ಡೀನೂ ನೆನೆಸಬೇಕಾ?" ಹೌದು ಅಂದೆ. ಹೊಸ ರೀಡನ್ನು ಅದೇ ನೀರಿನ ಬಟ್ಟಲಿಗೆ ಹಾಕಿದಳು. ಆಮೇಲೆ ಎಡಗೈ ಹೆಬ್ಬೆರಳಲ್ಲಿ ರೀಡನ್ನು ಒತ್ತಿ ಹಿಡಿದು, ಬಲಗೈಯಲ್ಲಿ ನಾರನ್ನು ಗೀರಿನಿಂದ ಗೀರಿಗೆ ಸುತ್ತುತ್ತಾ ಹೋದಳು. ಒಂದು ಸುತ್ತಿನ ಮೇಲೆ ಇನ್ನೊಂದು ಹತ್ತಲಿಲ್ಲ. ಕೊನೆಗೆ ಹೂವಿಗೆ ಹಾಕುವ ಗಂಟನ್ನೇ ಹಾಕಿದಳು.

ಕತ್ತರಿ ಹತ್ತಿರ ಇರಲಿಲ್ಲ. ಉಳಿದ ನಾರನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿದಳು. ನಾನು ಅವಳ ಮುಖವನ್ನೇ ನೋಡಿದೆ.

"ಏನು ನೋಡ್ತೀಯ, ಊದು" ಅಂದಳು.