ಗದ್ದದ ಮೇಲಿನ ಮಾಸ್ಕು ರಜೆ ಅಲ್ಲ ಸಾವ್ಕಾರ್ರೆ

ಮಂಡಿಪೇಟೆಯ ಅಂಗಡಿಯೊಂದರಿಂದ ಈಗಷ್ಟೇ ಬಂದೆ. ಬಿಲ್ ಹಾಕೋ ಹುಡುಗಿಯ ಕಣ್ಣು ಕೆಂಪು, ಮಾಸ್ಕು ಗದ್ದದ ಮೇಲೆ. ಸಾವ್ಕಾರ್ರಿಗೆ ಮಾತ್ರ ಹೆಮ್ಮೆ: "ಜ್ವರ ಐತ್ರಿ, ಆದ್ರೂ ಬಂದಾಳ. ಡೋಲೋ ಕೊಟ್ಟೀನಿ, ಮಾಸ್ಕ್ ಹಾಕ್ಸೀನಿ." ಎಂಥ ಔದಾರ್ಯ!

ಡೋಲೋದಲ್ಲಿರೋ ಪ್ಯಾರಾಸಿಟಮಾಲ್ ನಾಲ್ಕಾರು ಗಂಟೆ ಮೈಬಿಸಿ ಇಳಿಸುತ್ತೆ, ಅಷ್ಟೇ. ವೈರಸ್ಸಿಗೆ ಅದರ ಲೆಕ್ಕವೇ ಇಲ್ಲ. ಫ್ಲೂ ಲಕ್ಷಣ ಕಾಣೋಕೆ ಒಂದು ದಿನ ಮೊದಲೇ ಹರಡೋಕೆ ಶುರು, ಜೋರಾಗಿ ಹರಡೋದು ಮೊದಲ 3-4 ದಿನ. ಅಂದ್ರೆ ಕೌಂಟರಿಗೆ ಕೂರಿಸಲೇಬಾರದ ದಿನಗಳಲ್ಲೇ ಕೂರಿಸಿದ್ದಾರೆ.

ಮಾಸ್ಕಾದರೂ ಸರಿಯಾಗಿ ಹಾಕಿಸಿದ್ರಾ? ಸರ್ಜಿಕಲ್ ಮಾಸ್ಕಿನ ನಡುವಿನ ಪದರದಲ್ಲಿ ಸ್ಥಾಯಿ ವಿದ್ಯುತ್ ಇರುತ್ತೆ, ಸಣ್ಣ ಕಣ ಹಿಡಿಯೋದರಲ್ಲಿ ಅದರದ್ದೇ ದೊಡ್ಡ ಪಾಲು. ಸೋಪು ಹಾಕಿ ಒಗೆದರೆ ಅದು ಹೋಯ್ತು. ನೀಲಿ ಬದಿ ಹೊರಗೆ, ನೆರಿಗೆ ಕೆಳಮುಖ, ತಂತಿ ಮೂಗಿಗೆ ಒತ್ತಿರಬೇಕು, ಗದ್ದದ ಕೆಳಗಿನವರೆಗೂ ಎಳೆದಿರಬೇಕು. ಕೆನ್ನೆಯ ಹತ್ತಿರ ಸಂದಿ ಬಿದ್ದರೆ ಕಿವಿಯ ದಾರಗಳಿಗೆ ಬುಡದಲ್ಲೇ ಗಂಟು ಹಾಕಿ, ಉಬ್ಬಿದ ಬಟ್ಟೆ ಒಳಗೆ ಮಡಚಬೇಕು. ಸೀನಿ ಒದ್ದೆಯಾದರೆ ಬದಲಿಸಬೇಕು. ವಾಲ್ವ್ ಇರೋ ಎನ್95 ಅಂತೂ ಕಾಯಿಲೆಯವರಿಗೆ ಬೇಡವೇ ಬೇಡ. ಬಿಟ್ಟ ಉಸಿರು ಸೋಸದೇ ನೇರ ಹೊರಗೆ!

ಇಷ್ಟೆಲ್ಲ ಮಾಡಿದ್ರೂ ನಾಲ್ಕು ಗಂಟೆಗೆ ಮಂಡಕ್ಕಿ-ಮಿರ್ಚಿ ಬರುತ್ತೆ. ಹಿಂದಿನ ಗೋಡೌನಿನಲ್ಲಿ, ಕಿಟಕಿ ಇಲ್ಲದ ಕಡೆ, ಒಂದೇ ಪೇಪರಿನ ಸುತ್ತ ಐದು ಜನ. ಮಾಸ್ಕು ಆಗ ಎಲ್ಲಿರುತ್ತೆ ಹೇಳಿ? ಮಾಸ್ಕು ರಜೆಗೆ ಬದಲಿ ಅಲ್ಲ ಅಂತ ಬಡ್ಕೊಳ್ಳೋದು ಇದಕ್ಕೇ.

"ಸೀಸನ್ನು, ಜನ ಇಲ್ಲ" ಅಂತೀರಾ? ಒಬ್ಬಳು ಮೂರು ದಿನ ಮನೇಲಿದ್ರೆ ಕಷ್ಟ, ಮುಂದಿನ ವಾರ ನಾಲ್ವರು ಒಟ್ಟಿಗೆ ಮಲಗಿದ್ರೆ ಸುಖವೇ? "ಸಂಬಳ ಕಟ್ಟಾಗುತ್ತೆ, ಅವಳಿಗೇ ನಷ್ಟ" ಅನ್ನೋ ಕರುಣೆಯ ಮಾತು ಬೇರೆ. ಕಟ್ ಮಾಡೋರು ಯಾರು ಸ್ವಾಮಿ, ನೀವೇ ಅಲ್ವಾ? ಇಎಸ್‌ಐ (ನೌಕರರ ರಾಜ್ಯ ವಿಮೆ) ಅರ್ಹತೆ ಇದ್ದವರಿಗೆ ಕಾಯಿಲೆ ರಜೆಗೆ ಕೂಲಿಯ 70% ಸಿಗುತ್ತೆ, ವರ್ಷಕ್ಕೆ 91 ದಿನದವರೆಗೆ. ಆದರೆ ಸಾಮಾನ್ಯವಾಗಿ ಕಾಯಿಲೆಯ ಮೊದಲ ಎರಡು ದಿನಕ್ಕೆ ಅದೂ ಇಲ್ಲ. ಜೋರಾಗಿ ಅಂಟೋ ದಿನಗಳೇ ಅವು! ಆ ಎರಡು ದಿನದ ಸಂಬಳ ಕೊಟ್ಟು ಮನೆಗೆ ಕಳಿಸೋಕೆ ಕೈ ಬರಲ್ಲ, ಐದು ರೂಪಾಯಿ ಮಾಸ್ಕು ಕೊಡೋಕೆ ಬರುತ್ತೆ.

ಮಾತ್ರೆ ಇಲ್ಲದೇ 24 ಗಂಟೆ ಜ್ವರ ಬರದೆ, ಸುಸ್ತು ಕೆಮ್ಮು ಇಳಿಮುಖ ಆದಮೇಲೆ ಕರೆಸಿ. ಮುಂದಿನ ಐದು ದಿನ ಮಾಸ್ಕು ಹಾಕಿಸಿ, ಅದರ ಕೆಲಸ ಇರೋದು ಅಲ್ಲಿ. ಹಾಗೇ ಏಸಿ ಆರಿಸಿ ಆ ಗಾಜಿನ ಬಾಗಿಲು ತೆರೆದಿಡಿ, ಕರೆಂಟ್ ಬಿಲ್ಲಾದ್ರೂ ಉಳಿಯುತ್ತೆ.